ಅಪ್ಪನಿಗೆ ದೂರ, ಅವ್ವನಿಗೆ ವೇಳೆ

ಸೇಡಂ
೨೬ ಜುಲೈ ೨೦೨೫, ಶನಿವಾರ

ನನ್ನ ಅವ್ವ ನಾಗರತ್ನಾಗೆ, ನಿನ್ನ ಹಿರಿಮಗಳು ಶಿವರಂಜನಿಯ ಶರಣು.

ಮೇಲೆ ಬರೆದ ಊರಿನ ಹೆಸರು ನೋಡಿ ಕನ್ನಡಕ ಒರೆಸಿಕೊಳ್ಳಬೇಡ. ಸೇಡಂ ಎಂದೇ ಬರೆದಿದ್ದೇನೆ. ನಾನು ಅಂಡಮಾನಿನಲ್ಲಿಲ್ಲ, ಒಂದು ದಿನವೂ ಇರಲಿಲ್ಲ. ವಿಮಾನವನ್ನು ನಮ್ಮ ಮಾಳಿಗೆಯ ಮೇಲೆ ಹಪ್ಪಳ ಹಾಕುವಾಗ ತಲೆ ಎತ್ತಿ ನೋಡಿದ್ದೆಷ್ಟೋ ಅಷ್ಟೇ. ನಾನು ಮತ್ತು ದೇವಿಂದ್ರ ಬಸ್ ಸ್ಟ್ಯಾಂಡಿನ ಹಿಂದೆ, ಜಹಾಂಗೀರ ಚಾಚಾ ಅವರ ಟೈರ್ ಅಂಗಡಿಯ ಮೇಲಿನ ಖೋಲಿಯಲ್ಲಿದ್ದೇವೆ. ನೀನು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಹೊರಟರೆ, ಅದು ಉಕ್ಕುವ ಹೊತ್ತಿಗೆ ನಮ್ಮ ಮೆಟ್ಟಿಲ ಹತ್ತಿರ ಇರುತ್ತೀ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಫೋನ್ ಐದು ತಿಂಗಳಿಂದ ಅಪ್ಪನ ಕಿಸೆಯಲ್ಲಿದೆ. ಅದಕ್ಕೇ ಕಾಗದ. ಇದನ್ನು ತಂದುಕೊಡುವವಳು ತಂಗಿ ಅಂಬಿಕಾ. ಅವಳನ್ನು ಬೈಯಬೇಡ, ನಾನೇ ಬಲವಂತ ಮಾಡಿದ್ದೇನೆ. ನೀನು ಓದಿದ ಮೇಲೆ ಅಪ್ಪನಿಗೂ ಕೊಡು. ಅವರಿಗೂ ಗೊತ್ತಾಗಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಡನನ್ನು ನಾನು ಹೆಸರು ಹಿಡಿದೇ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಅವನನ್ನು 'ಅಂವ', 'ಆ ರಾವೂರದಂವ', 'ಅವರ ಪೈಕಿ' ಎಂದೆಲ್ಲ ಕರೆದು ಕರೆದು ಅವನ ಹೆಸರು ಯಾರ ಬಾಯಿಗೂ ಬರದಂತಾಗಿದೆ. ದೇವಿಂದ್ರ. ಮಾಣಿಕಮ್ಮನ ಮಗ. ಆಕೆ ಗಣಿಯಲ್ಲಿ ಕಲ್ಲು ಹೊತ್ತು ಓದಿಸಿದ ಮಗ, ಐಟಿಐ ಮುಗಿಸಿ ಶಹಾಬಾದಿನ ಫರ್ಸಿಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಶಹಾಬಾದ್ ಸ್ಟೇಷನ್ನಿನ ಹೊರಗೆ ಚಾದರ ಹಾಸಿ ಹತ್ತು ರೂಪಾಯಿಯ ಕಿರುಹೊತ್ತಿಗೆ ಮಾರುವವರ ಮುಂದೆ ಕುಳಿತು, ಕೊಳ್ಳದೆ ಅಲ್ಲೇ ಓದಿ ಮುಗಿಸುತ್ತಿದ್ದವನು. ನಾನೂ ಹಾಗೇ ಮಾಡುತ್ತಿದ್ದೆ. ಒಂದೇ ಪುಸ್ತಕಕ್ಕೆ ಇಬ್ಬರೂ ಕೈ ಹಾಕಿದ ದಿನ ಶುರುವಾದ ಜಗಳ ಅದು, ಇನ್ನೂ ನಡೆದಿದೆ.

ಆದರೆ ನನಗೆ ಮೊದಲು ಓದಲು ಕಲಿಸಿದ ಹೊತ್ತಿಗೆಗಳು ಶಹಾಬಾದಿನವಲ್ಲ, ಅವ್ವ, ನಮ್ಮ ಅಂಗಡಿಯವು. ಪ್ರತಿ ಬಸವ ಜಯಂತಿಗೆ ಅಪ್ಪ ಅಚ್ಚು ಹಾಕಿಸಿ ಹಂಚುತ್ತಿದ್ದರಲ್ಲ, ಹಿಂದಿನ ರಟ್ಟಿನ ಮೇಲೆ 'ಕಾಶೀನಾಥ ಅಂಡ್ ಬ್ರದರ್ಸ್, ತೊಗರಿ ಅಡತ್ ವ್ಯಾಪಾರಿಗಳು, ಸೇಡಂ' ಎಂದು ಇರುತ್ತಿದ್ದ ಹದಿನಾರು ಪುಟದವು. ಹಂಚಿ ಉಳಿದದ್ದನ್ನು ಚೀಲದ ಮೇಲೆ ಕುಳಿತು ಓದುತ್ತಿದ್ದವಳು ನಾನೊಬ್ಬಳೇ. ಕಲ್ಯಾಣದಲ್ಲಿ ಅಂದು ಒಂದು ಮದುವೆ ನಡೆಯಿತು, ಮೇಲಿನವರ ಹುಡುಗಿ, ಕೆಳಗಿನವರ ಹುಡುಗ, ಅದಕ್ಕಾಗಿ ಇಬ್ಬರ ತಂದೆಯರನ್ನೂ ಕೊಂದರು ಎಂದು ಓದಿ ಅತ್ತಿದ್ದೆ. ಅಪ್ಪ ಅಂದು ನನ್ನ ತಲೆ ಸವರಿ, 'ಅಳಬ್ಯಾಡವ್ವ, ಅಂಥಾ ದೊಡ್ಡ ಮಂದಿ ಈಗ ಎಲ್ಲಿ ಅದಾರ' ಎಂದಿದ್ದರು. ಹುಡುಕಿದೆ, ಸಿಕ್ಕರು ಎಂದು ಈ ಫೆಬ್ರುವರಿಯಲ್ಲಿ ಬಂದು ಹೇಳಿದಾಗ ಅಪ್ಪ ನನ್ನ ಮೇಲೆ ಕೈ ಎತ್ತಲಿಲ್ಲ. ಹುಡುಗ ಯಾರು, ಏನು ಮಾಡುತ್ತಾನೆ ಎಂದೂ ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ.

'ಎಷ್ಟು ದೂರ ಹೋಗ್ತಿ?'

ನಾನು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು, ಕೊನೆಯವರೆಗೆ ಹೋಗುತ್ತೇನೆ ಎಂದು ಭಾಷಣ ಬಿಗಿದೆ. ಅವರು ನಿಜವಾಗಿಯೂ ಕಿಲೋಮೀಟರ್ ಕೇಳುತ್ತಿದ್ದರು ಎಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಚಿತ್ತಾಪುರದ ನೋಂದಣಿ ಕಚೇರಿಯಲ್ಲಿ ನಮ್ಮ ಮದುವೆ ಆಯಿತು. ಅದಕ್ಕೂ ಮೊದಲು ಒಂದು ತಿಂಗಳು ನಮ್ಮಿಬ್ಬರ ಹೆಸರು, ಅಪ್ಪಂದಿರ ಹೆಸರು, ಊರು ಎಲ್ಲ ಅಲ್ಲಿನ ನೋಟೀಸ್ ಬೋರ್ಡಿನ ಮೇಲೆ ತೂಗಿತು. ನಾವು ಕದ್ದು ಓಡಿಹೋದವರಲ್ಲ. ಆಮೇಲೆ ರಾವೂರದಲ್ಲಿ ಅತ್ತೆಯ ಮನೆಯಲ್ಲಿದ್ದೆ. ಸೇಡಂನಿಂದ ವಾಡಿಗೆ ರೈಲಿನಲ್ಲಿ ಒಂದು ತಾಸೂ ಇಲ್ಲ, ವಾಡಿಯಿಂದ ರಾವೂರಕ್ಕೆ ಟಂಟಂ ಆಟೋ ಸಿಗುತ್ತದೆ. ನೀನು ಬರಲಿಲ್ಲ. ಇದನ್ನು ಚುಚ್ಚಲು ಬರೆಯುತ್ತಿಲ್ಲ. ದೂರದ ವಿಷಯ ಮಾತಾಡುತ್ತಿದ್ದೇವಲ್ಲ, ಇದೂ ಒಂದು ದೂರವೆಂದು ಬರೆದೆ.

ಜೂನ್ ಕೊನೆಗೆ ನಿನ್ನ ಮೈದುನ ಸಂತೋಷಕುಮಾರ ಕಾಕಾ ರಾವೂರಕ್ಕೆ ಬಂದರು. ಅತ್ತೆ ಅಂಗಳದಲ್ಲಿ ಹೊರಸು ಹಾಕಿ ಮೇಲೆ ಹೊಸ ಚಾದರ ಹಾಸಿದಳು.

'ಕುಂದ್ರಿ ಬೀಗರ. ಚಹಾ ಮಾಡ್ತೀನಿ.'

'ಬ್ಯಾಡ್ರಿ, ಈಗೇ ಕುಡದ್ ಬಂದೀನಿ.'

'ನೀರರ?'

ಕಾಕಾ ಚೀಲದಿಂದ ಬಾಟಲಿ ತೆಗೆದು ತೋರಿಸಿದರು. ಅತ್ತೆ ನಕ್ಕಳು. 'ತರ್ರಿ, ತರ್ರಿ. ನಮ್ಮದು ಕಲ್ಲಿನ್ಯಾಗಿನ ನೀರು, ಹೊಟ್ಟಿ ಗಟ್ಟಿ ಇದ್ದೋರಿಗೇ ಆಗ್ತದ.'

ಕಾಕಾ ಫೋನ್ ತೆಗೆದು ಒಂದು ಪುಟ ತೆರೆದರು. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರ, ಹಾರುವ ವೇಳೆ ಎರಡನ್ನೂ ತೋರಿಸುವ ಪುಟ. ನಕಾಶೆಯ ಮೇಲೆ ಒಂದು ಬಿಲ್ಲಿನಂಥ ಗೆರೆ. ಹೈದರಾಬಾದಿನಿಂದ ಹೊರಟು ಸಮುದ್ರ ದಾಟಿ ಅಂಡಮಾನಿಗೆ. ಅಲ್ಲಿ ಅವರ ಪರಿಚಯದವರದೊಂದು ಸಿಮೆಂಟಿನ ಗೋದಾಮು ಇದೆ, ದೇವಿಂದ್ರನಿಗೆ ಅಲ್ಲಿ ಸೂಪರ್‌ವೈಸರ್ ಕೆಲಸ, ಇರಲು ಮನೆ, ಟಿಕೆಟ್ ನಮ್ಮದೇ ಎಂದು ಹೇಳಿದರು. ದೇವಿಂದ್ರ ಮೆಲ್ಲಗೆ ಕೇಳಿದ, 'ಗೋದಾಮು ಕಲಬುರಗ್ಯಾಗೂ ಅವ ಅಲ್ರಿ ಕಾಕಾ?'

ಆಗ ಕಾಕಾ ಬಾಯಿಬಿಟ್ಟರು. ಅವರು ವಾರಗಟ್ಟಲೆ ಆ ಪುಟದಲ್ಲಿ ಊರೂರು ಹಾಕಿ ನೋಡಿದ್ದರಂತೆ. ಬೆಂಗಳೂರು ಬೇಡ, ಕಲಬುರಗಿಯಿಂದ ಹಾರಿದರೆ ಒಂದು ತಾಸಿನ ದಾರಿ, ಮೇಲಾಗಿ ಓಣಿಯ ಅರ್ಧ ಮಕ್ಕಳು ಅಲ್ಲೇ ಇದ್ದಾರೆ. ಪುಣೆ ಬೇಡ, ಅಲ್ಲಿ ಚಿತ್ತಾಪುರದ ಬೀಗರ ಮನೆಯವರಿದ್ದಾರೆ. ದಿಲ್ಲಿಯಲ್ಲಿ ಸ್ವಾಮಿ ಮಡಿವಾಳಯ್ಯನವರ ಮಗ ಕೋಚಿಂಗಿಗೆ ಹೋಗಿದ್ದಾನೆ. ಕೊನೆಗೆ ನಮ್ಮವರು ಯಾರೂ ಇಲ್ಲದ ಊರು ಸಿಕ್ಕಿತು. ನಡುವೆ ಸಮುದ್ರ ಬೇರೆ.

'ನೋಡವ್ವ ಶಿವರಂಜನಿ, ನಾ ಖರೆ ಹೇಳ್ತೀನಿ' ಎಂದರು. 'ನೀ ವಾಡ್ಯಾಗಿದ್ರ ಪಂಚಮಿಗಿ ಮಂದಿ ಕೇಳ್ತಾರ, ಯಾಕ ಮಗಳಿಗಿ ಕರೀಲಿಲ್ಲ ಅಂತ. ದೀಪಾವಳಿಗಿ ಕೇಳ್ತಾರ. ನಿಮ್ಮಪ್ಪ ಏನ್ ಹೇಳಬೇಕು? ಅಂಡಮಾನ್ ಅಂದ್ರ ಯಾರೂ ಕೇಳಂಗಿಲ್ಲ. ವಿಮಾನದ ದಾರಿ, ಹ್ಯಾಂಗ ಬರ್ತಾಳ ಅಂತ ಅವರೇ ಅಂತಾರ.'

ಅತ್ತೆ ಅಕ್ಕಿ ಆರಿಸುವ ಮೊರ ಕೆಳಗಿಟ್ಟಳು. 'ಯಾಕ್ರಿ ಬೀಗರ, ನನ್ ಮಗ ಏನ್ ಖೂನಿ ಮಾಡ್ಯಾನೇನು, ಕರಿನೀರಿಗಿ ಕಳಸ್ಲಿಕತ್ತೀರಿ?'

ಕಾಕಾ ಬಾಟಲಿಯ ನೀರು ಕುಡಿದರು.

ಅವ್ವ, ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಆಶ್ಚರ್ಯ. ತವರಿನವರು ಮಗಳನ್ನು ಪಂಚಮಿಗೆ ಕರೆಯುವುದು ನಮ್ಮಲ್ಲಿ ಎಷ್ಟು ಗಟ್ಟಿಯಾದ ಪದ್ಧತಿ ಎಂದರೆ, ಕರೆಯದೆ ಇರಲು ಒಂದು ಸಮುದ್ರವೇ ಅಡ್ಡ ಬೇಕಾಯಿತು! ಓಣಿಗೆ ಹೇಳಲು ಒಂದು ನೆವ ಬೇಕು, ಆ ನೆವವೇ ನಾವು ಮನೆ ಮಾಡಿ ಇರಬೇಕಾದ ಊರು. ದೇವಿಂದ್ರನ ಸಂಬಳ, ನಮ್ಮ ಅಡುಗೆ, ನಾಳೆ ನಮಗೆ ಹುಟ್ಟುವ ಮಕ್ಕಳ ಶಾಲೆ, ಎಲ್ಲವೂ ಆ ನೆವದ ಒಳಗೇ ಆಗಬೇಕು.

ಅದೇ ಪುಟವನ್ನು ಕಾಕಾ ನಮ್ಮ ಮನೆಯಲ್ಲಿ ಹೇಗೆ ಓದಿದರು ಎಂಬುದನ್ನು ಅಂಬಿಕಾ ಹೇಳಿದಳು. ಪಡಸಾಲೆಯಲ್ಲಿ ಅಪ್ಪನ ಹತ್ತಿರ ಕುಳಿತು, 'ಸಾವಿರದ ಆರನೂರ ಚಿಲ್ಲರೆ ಕಿಲೋಮೀಟರ್ ಅಣ್ಣಾ, ಅರ್ಧದ ಮ್ಯಾಲ ನೀರೇ' ಎಂದರಂತೆ. ಅಪ್ಪ ತಲೆಯಾಡಿಸಿದರಂತೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿನಗೆ, 'ವೈನಿ, ಬರೇ ಎರಡೂವರಿ ತಾಸು. ಇಲ್ಲಿಂದ ಹೈದರಾಬಾದಿಗಿ ಹೋಗಾಕ ಇದಕ್ಕಿಂತ ಜಾಸ್ತಿ ಆಗ್ತದ' ಎಂದರಂತೆ. ಒಂದೇ ಪುಟ. ಅಪ್ಪನಿಗೆ ದೂರ ಓದಿದರು, ನಿನಗೆ ವೇಳೆ ಓದಿದರು. ಇಬ್ಬರಿಗೂ ಸಮಾಧಾನವಾಯಿತು. ತಿರುಗಿ ಬರುವ ವಿಮಾನದ ಮಾತನ್ನು ಯಾರೂ ಕೇಳಲಿಲ್ಲ.

ಹಾಗಾದರೆ ನಾನೇಕೆ ಒಪ್ಪಿದೆ ಎಂದು ಕೇಳುತ್ತೀಯಾ? ಅಂಬಿಕಾಳಿಗಾಗಿ. ಚಿಂಚೋಳಿಯ ಸಂಬಂಧ ಬಂದಿದೆ, ಪಂಚಮಿ ಮುಗಿದ ಮೇಲೆ ಅವರು ಹೆಣ್ಣು ನೋಡಲು ಬರುತ್ತಾರೆ, ಹಿರಿಯಳು ಎಲ್ಲಿ ಎಂದು ಕೇಳಿದರೆ 'ಅಂಡಮಾನಿನಲ್ಲಿ, ಅಳಿಯ ದೊಡ್ಡ ಕಂಪನಿಯಲ್ಲಿ' ಎಂದು ಹೇಳಬೇಕು. ಕಾಕಾ ಇದನ್ನು ಬಾಯಿಬಿಟ್ಟೇ ಹೇಳಿದರು. ನೀನೂ ಹೇಳಿಕಳಿಸಿದ್ದೆ, 'ಹೋಗಿ ಬಾರವ್ವ, ಒಂದಿನ ನಿಮ್ಮಪ್ಪನೇ ಕರೀತಾರ' ಎಂದು. ತಂಗಿಯ ಬಾಳಿಗೆ ಅಡ್ಡ ನಿಂತವಳು ಎನ್ನಿಸಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ. ದೇವಿಂದ್ರ ಮಾತ್ರ, 'ನೀ ಹೇಳಿದಲ್ಲಿಗಿ ಬರ್ತೀನಿ. ಆದ್ರ ಅಲ್ಲಿ ಹೋಗಿ ದಿನಾ ಸಮುದ್ರ ನೋಡಿ ಭಾಷಣ ಮಾಡಬ್ಯಾಡ' ಎಂದ.

ಎರಡು ವಾರದ ಹಿಂದೆ ವಾಡಿಯಲ್ಲಿ ಬೆಳಗಿನ ಗಾಡಿ ಹತ್ತಿದೆವು. ಹೈದರಾಬಾದಿಗೆ ಹೋಗಿ, ಅಲ್ಲಿ ತಂಗಿ, ಮರುದಿನ ಬೆಳಿಗ್ಗೆ ವಿಮಾನ. ಅತ್ತೆ ಸ್ಟೇಷನ್ನಿಗೆ ಬಂದಿದ್ದಳು. ಅಳಲಿಲ್ಲ. ಕಿಟಕಿಯ ಕಂಬಿ ಹಿಡಿದು, 'ಅಲ್ಲಿ ಯಾರರ ಕಲ್ಲು ಒಡೀತಾರೇನು ನೋಡು, ಇದ್ರ ನಾನೂ ಬರ್ತೀನಿ' ಎಂದಳು. ಗಾಡಿ ಚಿತ್ತಾಪುರ ದಾಟಿತು. ಮಳಖೇಡದ ಹತ್ತಿರ ಕಾಗಿಣಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಮುಂದಿನ ಸ್ಟೇಷನ್ ಸೇಡಂ. ಮನೆಬಿಟ್ಟು ಹೋಗುವ ದಾರಿ ಮನೆಯ ಮುಂದೆಯೇ ಹಾದು ಹೋಗುವುದು ನಮ್ಮ ಕಡೆ ಮಾತ್ರ ಇರಬೇಕು! ಕಾಕಾ ತಮ್ಮ ಪುಟದಲ್ಲಿ ಎಲ್ಲ ನೋಡಿದ್ದರು, ಇದೊಂದನ್ನು ನೋಡಿರಲಿಲ್ಲ. ವಿಮಾನ ನಿಲ್ದಾಣಗಳ ನಡುವಿನ ದೂರ ಅಳೆದವರಿಗೆ, ಆ ವಿಮಾನ ಹಿಡಿಯಲು ನಾವು ಇದೇ ಊರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೋಗಬೇಕು ಎಂಬುದು ಆಮೇಲೆ ಹೊಳೆದಿತ್ತು. ಅದಕ್ಕೇ ಅವರು ಸ್ವತಃ ಬಂದು ನಿಂತಿದ್ದರು, ನಾನು ಇಳಿಯದಂತೆ ಕಾಯಲು.

ಅದಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಕಾಕಾ ಫೋನ್ ಎತ್ತಿ ಹಿಡಿದು ಕಿಟಕಿಯ ಮುಂದೆ ಬಂದರು. 'ಇಲ್ಲಿ ನೋಡವ್ವ, ಚೂರು ನಗು. ಚಿಂಚೋಳ್ಯಾವರಿಗಿ ತೋರ್ಸಾಕ ಬೇಕು, ಹೊಂಟಿದ್ದು.' ನಾನು ನೋಡಿದೆ. ನನ್ನ ಪಕ್ಕದಲ್ಲಿ ದೇವಿಂದ್ರ ಕುಳಿತಿದ್ದ. ಮದುವೆಯ ದಿನದ ಅಂಗಿಯನ್ನೇ ಹಾಕಿಕೊಂಡಿದ್ದ. ಕಾಕಾ ಫೋನಿನಿಂದ ಕಣ್ಣು ತೆಗೆಯದೆಯೇ, 'ದೇವಿಂದ್ರಪ್ಪ, ನೀವು ಚೂರು ಬಾಜೂಕ ಸರೀರಿ' ಎಂದರು.

ಅವನು ಸರಿದ, ಅವ್ವ. ಬಸ್ಸಿನಲ್ಲಿ ಯಾರೋ ಜಾಗ ಕೇಳಿದರೆ ಸರಿಯುತ್ತಾರಲ್ಲ, ಅಷ್ಟು ಸಹಜವಾಗಿ. ಬಾಲ್ಯದಿಂದ ಸರಿದು ರೂಢಿಯಾದವನು. ನಾನು ಓದಿದ ಹೊತ್ತಿಗೆಗಳೆಲ್ಲ ಆ ಒಂದು ಗೇಣು ಜಾಗದಲ್ಲಿ ನಿಂತು ನನ್ನನ್ನು ಕೇಳಿದವು, ನೀನು ಏನು ಮಾಡುತ್ತೀ ಎಂದು.

ನಾನು ಬ್ಯಾಗ್ ತೆಗೆದುಕೊಂಡು ಬಾಗಿಲಿಗೆ ಹೋದೆ. ಗಾಡಿ ಅಲುಗಿತು. ಹಾರಿದೆ. ಹಿಂದಿನಿಂದ ದೇವಿಂದ್ರ ಒಂದು ಟ್ರಂಕು, ಒಂದು ಚೀಲ, ಅತ್ತೆ ಕಟ್ಟಿಕೊಟ್ಟ ರೊಟ್ಟಿಯ ಗಂಟು, ತನ್ನ ಒಂದು ಚಪ್ಪಲಿ ಇಷ್ಟನ್ನು ಎಸೆದು ತಾನೂ ಹಾರಿದ. ಇನ್ನೊಂದು ಚಪ್ಪಲಿ ಹೈದರಾಬಾದಿಗೆ ಹೋಯಿತು.

'ಏ ಹುಚ್ಚೀ! ಗಾಡಿ ಬಿಟ್ಟದ, ಏರು, ಏರು!' ಎಂದು ಕಾಕಾ ಗಾಡಿಯ ಜೊತೆ ಓಡಿದರು, ತಾವೇ ಊರು ಬಿಡುವವರಂತೆ. ಚಹಾ ಮಾರುವವನೊಬ್ಬ, 'ಸಾವ್ಕಾರ್ರ, ಬಿಡ್ರಿ, ಸಂಜಿಗಿ ಇನ್ನೊಂದದ' ಎಂದ. ನಾನು ಉಸಿರು ತೆಗೆದುಕೊಂಡು ಹೇಳಿದೆ. ವಿಮಾನ ನೀವೇ ಏರಿರಿ ಕಾಕಾ, ನಾವು ಊರಿಗೆ ಬಂದೆವು.

ಅಲ್ಲೇ ಬೆಂಚಿನ ಮೇಲೆ ಕುಳಿತು ಕಾಕಾ ಬಹಳ ಹೊತ್ತು ಬೆವರು ಒರೆಸಿಕೊಂಡರು. ಆಮೇಲೆ ವ್ಯಾಪಾರಿಯ ದನಿಗೆ ಬಂದರು. 'ಆಯ್ತು. ನಿಮ್ಮಪ್ಪಗ ಹಾರಿದ್ರು ಅಂತಲೇ ಹೇಳ್ತೀನಿ. ನೀವು ತಿರುಗಿ ಹೋಗೋ ಗಾಡಿಗಿ ವಾಡಿಗಿ ಹೋಗಿ ಸುಮ್ನ ಮನ್ಯಾಗಿರ್ರಿ, ಚಿಂಚೋಳ್ಯಾವರದು ಮುಗಿಯೋತನ. ಯಾರ ಕಣ್ಣಿಗೂ ಬೀಳಬ್ಯಾಡ್ರಿ. ನನ್ ಮರ್ಯಾದಿ ನಿಮ್ ಕೈಯಾಗದ.' ದೇವಿಂದ್ರ ಒಂಟಿ ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, 'ಕಾಕಾ, ಬರಿಗಾಲಾಗ ವಾಡಿಗಿ ಹೋಗಂಗಿಲ್ಲ ನಾ. ಇಲ್ಲೇ ಒಂದ್ ಜೋಡಿ ತಗೋಬೇಕು' ಎಂದ. ಚಪ್ಪಲಿ ಕೊಳ್ಳಲು ಹೋದವರು ಜಹಾಂಗೀರ ಚಾಚಾ ಅವರ ಅಂಗಡಿಯ ಮುಂದೆ 'ಖೋಲಿ ಬಾಡಿಗೆಗೆ ಇದೆ' ಎಂಬ ಹಲಗೆ ನೋಡಿದೆವು. ಚಾಚಾ ಒಂದೇ ಪ್ರಶ್ನೆ ಕೇಳಿದರು. 'ರಾತ್ರಿ ಟೈರ್ ಬಡಿಯೋ ಸಪ್ಪಳಕ್ಕ ನಿದ್ದಿ ಬರ್ತದಿಲ್ಲೋ?' ಬರುತ್ತದೆ ಎಂದೆವು.

ಕಾಕಾ ಮಾತಿನಂತೆ ನಡೆದುಕೊಂಡರು. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು ಉಪ್ಪಿಟ್ಟು ತಿನ್ನುತ್ತ ಗಡಿಯಾರ ನೋಡುತ್ತ ಕುಳಿತಿದ್ದರಂತೆ. ವಿಮಾನ ಏರುವ ವೇಳೆಗೆ 'ಏರಿದ್ರು' ಎಂದರಂತೆ. ಸರಿಯಾಗಿ ಎರಡೂವರೆ ತಾಸಿಗೆ 'ಮುಟ್ಟಿದ್ರು' ಎಂದರಂತೆ. ಅಪ್ಪ ಗಲ್ಲದ ಮೇಲಿಂದ ಕೈ ತೆಗೆದರಂತೆ. ನೀನು ಒಳಗಿನಿಂದ, 'ಅಲ್ಲಿ ಮಳಿ ಅದ ಅಂತೇನು?' ಎಂದು ಕೇಳಿದೆಯಂತೆ. ಕಾಕಾ, 'ಸಣ್ಣಗದ ಅಂತ ವೈನಿ' ಎಂದರಂತೆ. ಇದನ್ನು ಹೇಳುವಾಗ ಅಂಬಿಕಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ.

ನಾನು ಅಡಗಿಕೊಂಡಿಲ್ಲ. ದೇವಿಂದ್ರ ಕೋಡ್ಲಾದ ಕಡೆ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದಾನೆ. ನಾನು ತಹಶೀಲ್ದಾರ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತೇನೆ. ಹಾರಿಹೋದವಳನ್ನು ಯಾರೂ ಹುಡುಕುವುದಿಲ್ಲ, ಅದಕ್ಕೇ ಯಾರಿಗೂ ಕಂಡಿಲ್ಲ. ನಮ್ಮ ಓಣಿಯ ಅನಸುಬಾಯಿ ಅಜ್ಜಿ ಪಿಂಚಣಿಯ ಕಾಗದ ಹಿಡಿದು ಬಂದಿದ್ದಳು. ನನ್ನ ಮುಖವನ್ನು ಬಗ್ಗಿ ನೋಡಿ, 'ಥೇಟ್ ಕಾಶೀನಾಥಪ್ಪನ ಮಗಳಂಗೇ ಅದೀಯಲ್ಲ ತಂಗಿ' ಎಂದಳು. ನಾನೇ ಅಜ್ಜಿ, ಶಿವರಂಜನಿ ಎಂದೆ. 'ಮುದುಕಿ ಅಂತ ಚ್ಯಾಷ್ಟಿ ಮಾಡ್ತೀಯೇನು? ಆಕಿ ವಿಮಾನದಾಗ ಹೋದಳು. ಅವರ ಕಾಕಾನೇ ಹೇಳ್ಯಾನ' ಎಂದು ಬೈದು, ಕಾಗದ ಕಸಿದುಕೊಂಡು ಹೋದಳು. ನಾನು ಎದುರಿಗೆ ನಿಂತು ಹೇಳಿದ್ದಕ್ಕಿಂತ ನಾನಿಲ್ಲ ಎಂದು ಕಾಕಾ ಹೇಳಿದ್ದೇ ಗಟ್ಟಿಯಾಯಿತು. ಅಂದು ಮನೆಗೆ ಬಂದು ಅನ್ನಕ್ಕಿಟ್ಟು, ಇನ್ನು ಸುಮ್ಮನಿದ್ದರೆ ನಾನು ನಿಜವಾಗಿಯೂ ಅಂಡಮಾನಿನಲ್ಲೇ ಇದ್ದಂತೆ ಎಂದು ದೇವಿಂದ್ರನ ಮುಂದೆ ಅರ್ಧ ತಾಸು ಮಾತಾಡಿದೆ. 'ಭಾಷಣ ಸಾಕು, ಗಂಜಿ ಉಕ್ಕಲಿಕತ್ತದ' ಎಂದ.

ಅಂಬಿಕಾ ಬಂದದ್ದು ಕಳೆದ ಸೋಮವಾರ, ಅಂಕಪಟ್ಟಿಯ ಝೆರಾಕ್ಸ್ ಮಾಡಿಸಲು. ಕೌಂಟರಿನ ಹಿಂದೆ ನನ್ನನ್ನು ಕಂಡು ಅಂಕಪಟ್ಟಿಯನ್ನು ಎದೆಗೊತ್ತಿಕೊಂಡಳು. ಆಮೇಲೆ, 'ಅಕ್ಕಾ, ಅಂಡಮಾನ್ ಅಂದ್ರ ಬಸ್ ಸ್ಟ್ಯಾಂಡ್ ಹಿಂದೇನಾ?' ಎಂದಳು. ನಮ್ಮ ಖೋಲಿಗೆ ಬಂದು ರೊಟ್ಟಿ ತಿಂದಳು. ಎಲ್ಲ ಕೇಳಿದಳು. ಮಂಗಳವಾರದ ಪಂಚಮಿಗೆ ನಾನು ಓಣಿಗೆ ಬರುತ್ತೇನೆ ಎಂದಾಗ ಮಾತ್ರ ಅವಳ ಮುಖ ಇಳಿಯಿತು.

'ನಂಗ ಆ ಹುಡುಗ ಮನಸ್ಸಿಗಿ ಬಂದಾನ ಅಕ್ಕಾ' ಎಂದಳು. 'ನಿನ್ ಪುಸ್ತಕದ ಮಾತು ನನ್ ಮದುವ್ಯಾಗ ತರಬ್ಯಾಡ.'

ಇಲ್ಲಿ ನಾನು ಸುಳ್ಳು ಹೇಳುವುದಿಲ್ಲ. ತ್ಯಾಗ, ಸಮಾನತೆ ಎಂದು ಬರೆದವರು ಯಾರೂ ತಂಗಿಗೆ ಬಂದ ಸಂಬಂಧದ ಬಗ್ಗೆ ಬರೆದಿಲ್ಲ. ಕೊನೆಗೆ ಹೇಳಿದೆ. ನಾನು ಬರುವುದಿಲ್ಲ ಎಂದು ಬೇಕಾದರೆ ಮಾತು ಕೊಡುತ್ತೇನೆ, ಆದರೆ ನೀನು ಆ ಸುಳ್ಳನ್ನು ಚಿಂಚೋಳಿಗೆ ಹೊತ್ತುಕೊಂಡು ಹೋಗಿ ಎಷ್ಟು ವರ್ಷ ಸಾಕುತ್ತೀ? ಹೋಗುವ ಮೊದಲೇ ನೀನೇ ಆ ಹುಡುಗನಿಗೆ ಹೇಳು. ಅವಳು ತಟ್ಟೆ ತೊಳೆಯದೆ ಎದ್ದು ಹೋದಳು. ಮೂರು ದಿನ ಬರಲಿಲ್ಲ. ಆ ಮೂರು ದಿನ ನಾನು ಪಟ್ಟ ಪಾಡು ಬೇಡ.

ಗುರುವಾರ ಸಂಜೆ ಬಂದು ಫೋನ್ ನನ್ನ ಮುಂದೆ ಹಿಡಿದಳು. ಅವಳೇ ಅವನಿಗೆ ಎಲ್ಲ ಬರೆದಿದ್ದಳು. ಅಕ್ಕ ಯಾರನ್ನು ಮದುವೆಯಾಗಿದ್ದಾಳೆ, ಎಲ್ಲಿದ್ದಾಳೆ, ಏಕೆ ಹಾರಲಿಲ್ಲ. ಅವನ ಉತ್ತರ ನಾಲ್ಕು ಸಾಲು. ಚಿತ್ತಾಪುರದ ನೋಟೀಸ್ ಬೋರ್ಡನ್ನು ಅವನ ಸೋದರಮಾವನೇ ಫೆಬ್ರುವರಿಯಲ್ಲಿ ಓದಿದ್ದನಂತೆ. ಮನೆಯ ಎಲ್ಲರಿಗೂ ಗೊತ್ತಿದೆಯಂತೆ. ಅಂಡಮಾನಿನ ಕಥೆ ಕೇಳಿ ಅವರ ಅವ್ವ, 'ಮಗಳ ಸುದ್ದಿ ಹಿಂಗ ಮುಚ್ಚೋರು ಇನ್ನೇನೇನು ಮುಚ್ಚ್ಯಾರೋ' ಎಂದಿದ್ದಳಂತೆ. ಬಂದು ನೋಡುತ್ತೇವೆ, ಆಗುವುದು ಬಿಡುವುದು ಆಮೇಲಿನ ಮಾತು ಎಂದು ಬರೆದಿದ್ದ. ಸಂಬಂಧ ಆಗಬಹುದು, ಆಗದೆಯೂ ಇರಬಹುದು. ಆದರೆ ಸಾವಿರದ ಆರುನೂರು ಕಿಲೋಮೀಟರ್ ದೂರ, ನಡುವೆ ಸಮುದ್ರ ಹಾಕಿ ಮುಚ್ಚಿದ್ದು ನಮ್ಮ ಮನೆಯೊಳಗಿನವರ ಕಣ್ಣನ್ನು ಮಾತ್ರ. ಹೊರಗಿನವರೆಲ್ಲ ದಂಡೆಯ ಮೇಲೆ ನಿಂತು ನೋಡುತ್ತಿದ್ದಾರೆ.

ಅಂಬಿಕಾ ಅಂದು ತಟ್ಟೆ ತೊಳೆದಿಟ್ಟು ಹೋದಳು. ಹೋಗುವಾಗ ಮೆಟ್ಟಿಲ ಮೇಲಿಂದ, 'ಮಂಗಳವಾರ ಬಾ. ಆದ್ರ ಭಾಷಣ ಬ್ಯಾಡ' ಎಂದಳು. ಈ ಮನೆಯಲ್ಲಿ ಎಲ್ಲರೂ ಇದೊಂದು ಮಾತನ್ನು ಹೇಗೆ ಕಲಿತರೋ!

ಈಗ ನನ್ನ ನಿರ್ಧಾರ ಕೇಳು. ಮಂಗಳವಾರ ಬೆಳಿಗ್ಗೆ ನಮ್ಮ ಓಣಿಯ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆಯಲು ಹೋಗುವಾಗ ನಾನೂ ಅಲ್ಲಿರುತ್ತೇನೆ. ಹಾವು ಹಾಲು ಕುಡಿಯುವುದಿಲ್ಲ, ಆ ಜಗಳ ಬೇರೆ ದಿನ ಮಾಡೋಣ. ನನ್ನ ಕೈಯಲ್ಲಿ ಹಾಲಿರುವುದಿಲ್ಲ. ತವರಿಗೆ ಬಂದ ಮಗಳಾಗಿ ನಿಲ್ಲುತ್ತೇನೆ, ಅಷ್ಟೇ. ದೇವಿಂದ್ರ ರಜೆ ಹಾಕಿದ್ದಾನೆ, ಅವನೂ ಬರುತ್ತಾನೆ. ಅತ್ತೆಯೂ ಬೆಳಗಿನ ಗಾಡಿಗೆ ಬರುತ್ತಾಳೆ. 'ನನಗ ಹುತ್ತದ ಕೂಡ ಏನ್ ಕೆಲಸ? ಬೀಗ್ತಿ ಮಾರಿ ನೋಡಾಕ ಬರ್ತೀನಿ' ಎಂದು ಹೇಳಿಕಳಿಸಿದ್ದಾಳೆ.

ನೀನು ನನ್ನನ್ನು ಕರೆಯಬೇಕಿಲ್ಲ. ಉಡಿ ತುಂಬಬೇಕಿಲ್ಲ. ಅಪ್ಪ ಶಟರ್ ಎಳೆದುಕೊಂಡು ಒಳಗೆ ಕೂಡಲಿ, ಕಾಕಾ ಮುಂದಿನ ವಿಮಾನ ಹುಡುಕಲಿ. ನನ್ನದು ಒಂದೇ ಮಾತು. ಅಲ್ಲಿ ಯಾರಾದರೂ 'ನಾಗರತ್ನಾ, ನಿನ್ ಹಿರಿಮಗಳು ಎಲ್ಲಿ?' ಎಂದು ಕೇಳಿದರೆ, ನಾನು ಎದುರಿಗಿರುವಾಗ ಸಮುದ್ರದ ಕಡೆ ಕೈ ತೋರಿಸಬೇಡ. ಸುಮ್ಮನಿದ್ದರೂ ಸರಿ. ಹಾಗೇನಾದರೂ ತೋರಿಸಿದರೆ ಅಷ್ಟೂ ಹೆಂಗಸರ ನಡುವೆ 'ಅವ್ವಾ' ಎಂದು ಕೂಗುತ್ತೇನೆ. ನನ್ನ ದನಿ ನಿನಗೆ ಗೊತ್ತು. ಅನಸುಬಾಯಿಗೂ ಕೇಳಿಸುತ್ತದೆ.

ನಾವು ಈ ಊರು ಬಿಡುವುದಿಲ್ಲ. ಅಪ್ಪ ನನ್ನನ್ನು ಎಷ್ಟು ದೂರ ಹೋಗುತ್ತೀ ಎಂದು ಕೇಳಿದ್ದರಲ್ಲ, ಇದೇ ನನ್ನ ಉತ್ತರ, ಅವರಿಗೆ ಓದಿ ಹೇಳು. ಬಸ್ ಸ್ಟ್ಯಾಂಡಿನ ಹಿಂದಿನತನಕ ಹೋಗಿದ್ದೇನೆ. ಇನ್ನು ಮುಂದೆ ಹೋಗುವುದಿಲ್ಲ.

ಎಲ್ಲಿಗೂ ಹಾರದ ನಿನ್ನ ಮಗಳು,
ಶಿವರಂಜನಿ ದೇವಿಂದ್ರ

___________________

ತಾ.ಕ.: ಈ ಗೆರೆಯ ಕೆಳಗಿನದು ನಿನಗೊಬ್ಬಳಿಗೆ. ಅಪ್ಪನಿಗೆ ಕೊಡುವ ಮೊದಲು ಇಷ್ಟನ್ನು ಹರಿದು ಒಲೆಗೆ ಹಾಕು. ಫೋಟೋದ ಮಾತು ಕೇಳಿ ಇಳಿದೆ ಎಂದು ಮೇಲೆ ಬರೆದೆ. ಅದು ಖರೆ. ಆದರೆ ಅಷ್ಟೇ ಆಗಿದ್ದರೆ ಕಾಕಾನನ್ನು ಬೈದು ಬಾಗಿಲಿನಿಂದ ಸೀಟಿಗೆ ಮರಳುತ್ತಿದ್ದೆನೋ ಏನೋ. ಕಾಕಾನ ಬೆನ್ನ ಹಿಂದೆ, ಪ್ಲಾಟ್‌ಫಾರ್ಮಿನ ನಳದ ಹತ್ತಿರ, ಮೂಗಿನತನಕ ಸೆರಗೆಳೆದುಕೊಂಡು ನೀರು ಬರದ ನಳದ ಕೆಳಗೆ ಕೈ ತೊಳೆಯುತ್ತ ನಿಂತವಳನ್ನು ಕಂಡೆ. ನಿನ್ನ ಹಸಿರು ಬಳೆ ನನಗೆ ತಿಳಿಯದೇ? ಯಾರಿಗೂ ಹೇಳದೆ ಬಂದಿದ್ದೆ. ಗಾಡಿ ಅಲುಗಿದಾಗ ನೀನು ಒಂದು ಹೆಜ್ಜೆ ಮುಂದೆ ಬಂದೆ, ಅವ್ವ. ಆ ಹೆಜ್ಜೆಗೆ ಇಳಿದೆ. ತಿರುಗಿ ನೋಡುವಷ್ಟರಲ್ಲಿ ನೀನು ಸೇತುವೆಯ ಮೆಟ್ಟಿಲು ಹತ್ತುತ್ತಿದ್ದೆ. ನಾನು ಇಳಿದದ್ದನ್ನು ಕಂಡವಳು ಈ ಎರಡು ವಾರ ಬಾಯಿಬಿಡಲಿಲ್ಲ. ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಸಿಟ್ಟಿದೆ. ಮಂಗಳವಾರ ಬರುವಾಗ ಸೆರಗು ತಲೆಯ ಮೇಲಿರಲಿ. ಮುಖ ಬಿಟ್ಟುಕೊಂಡು ಬಾ.